ಬ್ರೌಸರುಗಳೂ ನಮ್ಮ ಒತ್ತಕ್ಷರಗಳೂ

ಸೇವೆಯಿಂದ ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಹವ್ಯಾಸಗಳಲ್ಲಿ ಹೊಸ ಬ್ರೌಸರುಗಳನ್ನು ಗಣಕಕ್ಕೆ ಹಾಕಿಕೊಂಡು ನೋಡುವುದೂ ಒಂದು. ಅದರ ವೇಗ, ಸೌಲಭ್ಯಗಳನ್ನೆಲ್ಲ ನಾನು ಆಮೇಲೆ ಗಮನಿಸುತ್ತೇನೆ. ‘ಸ್ತ್ರೀ’ ಮತ್ತು ‘ಸೂರ್ಯ’ ಎಂಬ ಎರಡು ಪದಗಳು ಸರಿಯಾಗಿ ಮೂಡುತ್ತವೆಯೇ ಎಂಬುದು ನನ್ನ ಮೊದಲ ಪರೀಕ್ಷೆ. ಮೇಷ್ಟರ ಚಪಲವೆಂದು ನೀವು ನಗಬಹುದು. ಆದರೆ ಇದರ ಹಿಂದೆ ಒಂದು ಚರಿತ್ರೆಯಿದೆ.

ಜಗತ್ತಿನ ಮೊದಲ ಬ್ರೌಸರನ್ನು 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರಚಿಸಿದರು. ಅದರಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲ, ತಿದ್ದಿ ಬರೆಯುವುದೂ ಸಾಧ್ಯವಿತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದ ಮೊಸಾಯಿಕ್, ಚಿತ್ರ ಮತ್ತು ಬರಹಗಳನ್ನು ಒಂದೇ ಪುಟದಲ್ಲಿ ತೋರಿಸಿ ಜನಪ್ರಿಯವಾಯಿತು. 1994ರ ಡಿಸೆಂಬರಿನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಬಂದಿತು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಮೂಲಕ ನಮ್ಮ ದೇಶದ ಜನಸಾಮಾನ್ಯರಿಗೆ ಅಂತರಜಾಲ ದೊರೆಯಿತು. ಅದೇ ತಿಂಗಳು ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಹೊರಬಂದಿತು.

ಮುಂದಿನ ಕೆಲವು ವರ್ಷಗಳ ಪೈಪೋಟಿ ಕನ್ನಡ ಓದುಗನನ್ನು ನೇರವಾಗಿ ತಟ್ಟಿತು. ಆಗಿನ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಆಯಾ ಅಕ್ಷರಶೈಲಿ ನಮ್ಮ ಗಣಕದಲ್ಲಿ ಇಲ್ಲದಿದ್ದರೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಪುಟದ ಜೊತೆಗೇ ಅಕ್ಷರಶೈಲಿಯನ್ನು ಕಳುಹಿಸುವ ಉಪಾಯವೇನೋ 1997ರ ಹೊತ್ತಿಗೆ ಬಂದಿತು. ಆದರೆ ನೆಟ್‌ಸ್ಕೇಪಿನ ವಿಧಾನ ಬೇರೆ, ಎಕ್ಸ್‌ಪ್ಲೋರರಿನ ವಿಧಾನ ಬೇರೆ. ಹೀಗಾಗಿ ಒಂದರಲ್ಲಿ ಚೆನ್ನಾಗಿ ಕಂಡ ಪುಟವು ಇನ್ನೊಂದರಲ್ಲಿ ಕಾಣದೆ ಹೋಗಬಹುದಿತ್ತು.

ಇದಕ್ಕೆ ಪರಿಹಾರವಾಗಬಲ್ಲ ಯೂನಿಕೋಡ್ ಆಗಲೇ ಇತ್ತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಸಂಕೇತವಿದ್ದರೆ ಸಾಲದು, ಅದನ್ನು ಜೋಡಿಸಿ ತೋರಿಸುವ ಜಾಣ್ಮೆಯೂ ಬೇಕು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಗಣಕದಲ್ಲಿ ಅದು ಆರು ಸಂಕೇತಗಳ ಸಾಲು. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಗಣಕವೂ ಅದನ್ನೇ ಮೊದಲು ದಾಖಲಿಸುತ್ತದೆ, ಆದರೆ ಅರ್ಕಾವೊತ್ತು ಮೂಡಬೇಕಾದುದು ಯಕಾರದ ನಂತರ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯೊಂದಿಗೆ ಬಂದ ಮೇಲೆ ಈ ಜೋಡಣೆ ಮನೆಯ ಗಣಕಗಳಿಗೂ ಎಟುಕಿತು.

ಅಷ್ಟರಲ್ಲಿ ಪೈಪೋಟಿ ಅಡಗಿಹೋಗಿತ್ತು. ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ 2001ರಲ್ಲಿ ಬಂದರೆ ಏಳನೆಯದು ಬಂದದ್ದು 2006ರಲ್ಲಿ. ಎದುರಾಳಿಯಿಲ್ಲದ ಗರಡಿಯಲ್ಲಿ ಸಾಮು ಮಾಡುವವರು ಯಾರು? 1998ರಲ್ಲಿ ನೆಟ್‌ಸ್ಕೇಪ್ ತನ್ನ ತಂತ್ರಾಂಶದ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಆ ಬೀಜದಿಂದ ಬೆಳೆದ ಫೈರ್‌ಫಾಕ್ಸ್ 2004ರ ನವೆಂಬರ್ 9ರಂದು ಬಿಡುಗಡೆಯಾಗಿ ಜಡತ್ವವನ್ನು ಮುರಿಯಿತು. ಒಂದೇ ಕಿಟಕಿಯಲ್ಲಿ ಹತ್ತು ಪುಟಗಳನ್ನು ತೆರೆದಿಡುವ ಟ್ಯಾಬ್ ಸೌಲಭ್ಯ ಅನೇಕರಿಗೆ ಪರಿಚಯವಾದದ್ದು ಇದರಿಂದಲೇ. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್, ವಿಳಾಸ ಬರೆಯುವುದಕ್ಕೂ ಹುಡುಕುವುದಕ್ಕೂ ಒಂದೇ ಚೌಕವನ್ನಿಟ್ಟಿತು.

ತೊಡಕುಗಳು ಆಗಲೂ ಇದ್ದವು. ಎರಡೂ ಅಂಚುಗಳಿಗೆ ಸಮವಾಗಿ ಜೋಡಿಸಿದ ಕನ್ನಡ ಸಾಲುಗಳು ಒಂದು ಬ್ರೌಸರಿನಲ್ಲಿ ಛಿದ್ರವಾಗಿ, ಒತ್ತಕ್ಷರಗಳು ತಾಯಿಯ ಕೈಬಿಟ್ಟ ಮಕ್ಕಳಂತೆ ದೂರ ನಿಲ್ಲುತ್ತಿದ್ದವು. ಇನ್ನೊಂದು ಬ್ರೌಸರ್ ಪ್ರತಿಯೊಂದು ನವೀಕರಣದ ನಂತರವೂ ಗುಂಡಿಗಳ ಜಾಗ ಬದಲಿಸಿ, ನನ್ನಂಥ ವಯೋವೃದ್ಧರ ತಾಳ್ಮೆಯನ್ನು ಪರೀಕ್ಷಿಸುತ್ತಿತ್ತು.

ಈಗ ಹಿಂತಿರುಗಿ ನೋಡಿದರೆ, ಯಾವ ಬ್ರೌಸರೂ ಶಾಶ್ವತವಲ್ಲ. ನೆಟ್‌ಸ್ಕೇಪ್ 2008ರಲ್ಲಿ ವಿದಾಯ ಹೇಳಿತು; ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಅವುಗಳನ್ನೇ ನಂಬಿ ತಮ್ಮದೇ ಸಂಕೇತಗಳಲ್ಲಿ ಬರೆದ ಕನ್ನಡ ಪುಟಗಳನ್ನು ಇಂದಿನ ಬ್ರೌಸರಿನಲ್ಲಿ ತೆರೆದರೆ ಕಾಣುವುದು ಮತ್ತದೇ ಚಿಹ್ನೆಗಳ ರಾಶಿ. ಅವುಗಳಲ್ಲಿರುವ ಕನ್ನಡ ಪದಗಳು ಹುಡುಕಾಟಕ್ಕೂ ಸಿಗುವುದಿಲ್ಲ. ಯೂನಿಕೋಡಿನಲ್ಲಿ ಬರೆದದ್ದಾದರೋ ಬ್ರೌಸರುಗಳು ಬದಲಾದರೂ ಉಳಿದಿದೆ. ಶಾಸನ ಕೊರೆದವನ ಉಳಿ ಯಾವುದೆಂದು ಯಾರೂ ಕೇಳುವುದಿಲ್ಲ. ಎಲ್ಲರೂ ಬಲ್ಲ ಲಿಪಿಯಲ್ಲಿದೆಯೇ ಎಂಬುದೇ ಮುಖ್ಯ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಬಂಧುಗಳಲ್ಲೂ ಒಂದು ವಿನಂತಿ. ಇಪ್ಪತ್ತೈದು ವರ್ಷಗಳ ಹಿಂದೆ ನೀವು ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕವಿತೆ, ಪತ್ರ, ವಂಶಾವಳಿಗಳು ಯಾವುದಾದರೂ ಸಿ.ಡಿ.ಯಲ್ಲಿ ಉಳಿದಿದ್ದರೆ ಹೊರತೆಗೆಯಿರಿ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಮೂಲದೊಂದಿಗೆ ಒಮ್ಮೆ ತಾಳೆ ನೋಡಿ, ಒತ್ತಕ್ಷರಗಳನ್ನು ವಿಶೇಷವಾಗಿ ಗಮನಿಸಿ. ನಿಮ್ಮ ಮೊಮ್ಮಕ್ಕಳು ಯಾವ ಬ್ರೌಸರಿನಲ್ಲಿ ಓದುವರೋ ನಾವು ಅರಿಯೆವು. ಅವರು ಓದಬಲ್ಲಂತೆ ಬಿಟ್ಟುಹೋಗುವುದು ಮಾತ್ರ ನಮ್ಮ ಕೈಯಲ್ಲಿದೆ.