ಮಲಾಡ್‌ನ ಮೈಕ್ ಮುಂದೆ ಬೀಳಗಿಯ ದನಿ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ, ಈ ವಾರದ ಮಾತು ಇಲ್ಲಿದೆ.

ಮೊದಲು ನನ್ನ ಮಾನ ಹೋದ ಕಥೆ. ಹೋದ ವರ್ಷ ಆಫೀಸಿನ ಪಾರ್ಟಿಯಲ್ಲಿ ಕಿಶೋರ್ ಕುಮಾರ್ ಹಾಡು ಹಾಡಲು ಹೋದೆ. ಎರಡನೇ ಚರಣಕ್ಕೆ ಗಂಟಲು ಕಟ್ಟಿತು. ಮೂರು ದಿನ ಮೀಟಿಂಗ್‌ಗಳಲ್ಲಿ ಚಾಟ್‌ನಲ್ಲೇ ಮಾತಾಡಿದೆ! ಆಮೇಲೆ ಹಾಡು ಕಲಿಸಲು ಒಪ್ಪಿದ ಮೇಷ್ಟ್ರು ಅಂದರು: "ಅವರ ದನಿ ನಕಲು ಮಾಡಬೇಡ. ಆ ದನಿಯಿಂದ ಅವರು ಏನು ಮಾಡ್ತಿದ್ದಾರೆ ಅಂತ ಮೊದಲು ಕೇಳಿಸ್ಕೋ."

ಹಾಗೆ ಕೇಳುತ್ತಾ ಹೋದರೆ ದಾರಿ ಬಂದು ನಿಂತದ್ದು ಮಲಾಡ್‌ನಲ್ಲಿ. ಹೌದು, ನಮ್ಮಲ್ಲಿ ಎಷ್ಟೋ ಜನ ಮೈಂಡ್‌ಸ್ಪೇಸ್‌ಗೆ ಆಟೋ ಹಿಡಿಯುವ ಅದೇ ಮಲಾಡ್. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಕಟ್ಟಿದ್ದು ಇಲ್ಲೇ.

1943ರಲ್ಲಿ ಈ ಸಂಸ್ಥೆಯ ‘ಕಿಸ್ಮತ್’ ಬಂತು. ಅದರಲ್ಲಿ ಹಾಡಿದವರು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಬೀಳಗಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರಾದದ್ದು 1973ರಲ್ಲಿ. ಅದಕ್ಕೂ 30 ವರ್ಷ ಮೊದಲೇ ಈ ಹೆಣ್ಣುಮಗಳು ಆ ಹೆಸರು ಹೊತ್ತು ಮುಂಬೈಯಲ್ಲಿ ಬದುಕು ಕಟ್ಟಿಕೊಂಡಿದ್ದರು.

ಆ ಒಂದೇ ಸಿನಿಮಾದಲ್ಲಿ ಅವರ ಎರಡು ಹಾಡು ಕೇಳಿ ನೋಡಿ. ಪರಕೀಯರನ್ನು ದೂರ ಸರಿಯಿರಿ ಎನ್ನುವ ಹಾಡಿನಲ್ಲಿ ಎದೆಯಿಂದ ಎದ್ದು ಬರುವ ತೆರೆದ ದನಿ. ಮೋಡವನ್ನು ಮೆಲ್ಲಗೆ ಕರೆಯುವ ಹಾಡಿನಲ್ಲಿ ಅದೇ ದನಿ ಲಾಲಿಯಷ್ಟು ಸಣ್ಣದು. ಕಂಪನಿ ನಾಟಕದ ಕಾಲದಲ್ಲಿ ಹಾಡು ಕೊನೆಯ ಸಾಲಿಗೂ ಮುಟ್ಟಬೇಕಿತ್ತು. ಮೈಕ್ ಬಂದ ಮೇಲೆ ಕಿವಿಯ ಹತ್ತಿರ ಮಾತಾಡಿದ ಹಾಗೂ ಹಾಡಬಹುದಾಯಿತು. ಎಲ್ಲಿ ಯಾವುದು ಬೇಕು ಅಂತ ಅಮೀರ್‌ಬಾಯಿಗೆ ಗೊತ್ತಿತ್ತು. ನಾನು ಪಾರ್ಟಿಯಲ್ಲಿ ಮೈಕ್ ಹಿಡಿದುಕೊಂಡೂ ಕೊನೆಯ ಸಾಲಿಗೆ ಕೂಗುತ್ತಿದ್ದೆ. ತಪ್ಪು ಅಲ್ಲಿತ್ತು.

‘ಕಿಸ್ಮತ್’ಗೆ ಸಂಗೀತ ಕೊಟ್ಟವರು ಅನಿಲ್ ಬಿಸ್ವಾಸ್. ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಅದು ಮೈಕ್‌ಗೆ ಕೇಳದಂತೆ ಹೇಗೆ ಮರೆಮಾಡಬೇಕು ಎನ್ನುವುದನ್ನು ತಾನು ಅವರಿಂದ ಕಲಿತೆ ಅಂತ ಲತಾ ಮಂಗೇಶ್ಕರ್ ಹೇಳಿಕೊಂಡಿದ್ದಾರೆ. 1949ರಲ್ಲಿ ಬಾಂಬೆ ಟಾಕೀಸ್‌ನ ‘ಮಹಲ್’ಗೆ ಹಾಡುವಾಗ, ದನಿ ದೂರದಿಂದ ತೇಲಿ ಬರಬೇಕಿತ್ತು. ಎಫೆಕ್ಟ್ ಹಾಕಲು ಸಾಫ್ಟ್‌ವೇರ್ ಎಲ್ಲಿತ್ತು? ಲತಾ ಕೋಣೆಯ ಮೂಲೆಯಿಂದ ಹಾಡುತ್ತಾ ಮೈಕ್ ಕಡೆಗೆ ನಡೆದು ಬಂದರು. ಅಷ್ಟೇ!

‘ಕಿಸ್ಮತ್’ನ ನಾಯಕ ಅಶೋಕ್ ಕುಮಾರ್. ಅವರ ತಮ್ಮನೇ ಕಿಶೋರ್. 1948ರಲ್ಲಿ ಬಾಂಬೆ ಟಾಕೀಸ್‌ನ ‘ಜಿದ್ದಿ’ಗೆ ಕಿಶೋರ್ ಹಾಡಿದಾಗ ಕೇಳಿಸಿದ್ದು ಸೈಗಲ್ ನೆರಳು. ನಿಮ್ಮದೇ ಶೈಲಿ ಹುಡುಕಿಕೊಳ್ಳಿ ಅಂತ ಅವರಿಗೆ ಹೇಳಿದವರು ಎಸ್.ಡಿ. ಬರ್ಮನ್. ಜಿಮ್ಮಿ ರಾಡ್ಜರ್ಸ್‌ನಂಥವರ ರೆಕಾರ್ಡ್ ಕೇಳಿ ಕಿಶೋರ್ ಯೋಡ್ಲಿಂಗ್ ಕಲಿತಿದ್ದರು. ಎದೆಯ ದನಿಯಿಂದ ಮೇಲಿನ ತೆಳು ದನಿಗೆ ಹಾರುವಾಗ ನಡುವೆ ಒಂದು ಮುರಿತ ಬರುತ್ತದೆ. ಬೇರೆ ಗಾಯಕರು ಅದನ್ನು ಮುಚ್ಚುತ್ತಾರೆ, ಯೋಡ್ಲಿಂಗ್ ಮಾಡುವವರು ಅದನ್ನೇ ಬೇಕಂತಲೇ ಕೇಳಿಸುತ್ತಾರೆ. ಅಮೆರಿಕದ ವರಸೆ ಹಿಂದಿ ಹಾಡಿನೊಳಗೆ ಬಂದು ಕಿಶೋರರ ಗುರುತಾಯಿತು. 1972ರಲ್ಲಿ ‘ಕುಳ್ಳ ಏಜೆಂಟ್ 000’ಗೆ ಕನ್ನಡದಲ್ಲಿ ಹಾಡಿದಾಗಲೂ ಕೇಳಿಸಿದ್ದು ಕಿಶೋರರೇ.

ಹೊರಗಿನಿಂದ ಈ ಊರಿಗೆ ಬಂದ ನಾವು ಬೇಗ ನಕಲು ಕಲಿಯುತ್ತೇವೆ. ಹಿಂದಿ ಮಾತಿನ ಧಾಟಿ, ಆಫೀಸಿನ ಇಂಗ್ಲಿಷ್ ಧಾಟಿ, ಕೊನೆಗೆ ಹಾಡಿನ ಧಾಟಿ. ವರಸೆ ಯಾರಿಂದ ಬೇಕಾದರೂ ಕಲಿಯಬಹುದು. ಗಂಟಲು ಮಾತ್ರ ನಮ್ಮದೇ ಇರಬೇಕು.

ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ‘ಕಿಸ್ಮತ್’ನ ಆ ಎರಡು ಹಾಡು ಕೇಳಿ. ಮೊದಲ ಸಲ ಉಸಿರು ಎಲ್ಲಿದೆ ನೋಡಿ. ಎರಡನೇ ಸಲ ದನಿ ಎಲ್ಲಿ ದೊಡ್ಡದು, ಎಲ್ಲಿ ಸಣ್ಣದು ನೋಡಿ. ಮೂರನೇ ಸಲ, ಮೆತ್ತಗೆ, ನೀವೇ ಹಾಡಿ. ಪಕ್ಕದ ಫ್ಲ್ಯಾಟಿನವರು ಬೆಲ್ ಮಾಡಲಿಲ್ಲ ಅಂದರೆ ಮೈಕ್ ದನಿ ನಿಮಗೆ ಒಲಿಯಿತು ಅಂತಲೇ ಲೆಕ್ಕ.

ಮುಂದಿನ ವಾರ ಸಿಗೋಣ.