ಅಂತರ್ಜಾಲದ ಆರೋಗ್ಯ ಮಾಹಿತಿ ನಮ್ಮ ಹಿರಿಯರಿಗೆ ತಲುಪಿದ ಬಗೆ

ಸಂಘದ ಸಾಲ, ಠೇವಣಿ, ಗೊಬ್ಬರದ ವಿವರಗಳು ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿ ಇದ್ದೇ ಇವೆ. ನಾವು ಇಲ್ಲಿ ಬರೆಯಹೊರಟಿರುವುದು ಬೇರೊಂದು ಲೆಕ್ಕ. ಈ ಇಪ್ಪತ್ತೈದು ವರ್ಷಗಳಲ್ಲಿ ಕಾಯಿಲೆ, ಔಷಧಿ, ಆಸ್ಪತ್ರೆಗಳ ತಿಳಿವಳಿಕೆಯೆಲ್ಲ ಕಂಪ್ಯೂಟರು, ಮೊಬೈಲು ಅಂತ ಅಂತರ್ಜಾಲಕ್ಕೆ ಏರಿ ಕೂತಿದೆ. ಅರವತ್ತು ದಾಟಿದ ನಮ್ಮ ಸದಸ್ಯರ ಕೈಗೆ ಅದರಲ್ಲಿ ಎಷ್ಟು ಇಳಿದು ಬಂತು?

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಅಮೆರಿಕ ಸರ್ಕಾರದ ಎರಡು ಸಂಸ್ಥೆಗಳನ್ನು ಹೆಸರಿಸಬೇಕು. ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1998ರಲ್ಲಿ ಜನಸಾಮಾನ್ಯರಿಗಾಗಿ 'ಮೆಡ್‌ಲೈನ್‌ಪ್ಲಸ್' ಎಂಬ ಜಾಲತಾಣ ತೆರೆಯಿತು. ಅನಂತರ ವೃದ್ಧಾಪ್ಯದ ಸಂಶೋಧನಾ ಸಂಸ್ಥೆಯೊಡನೆ ಕೂಡಿ 2003ರಲ್ಲಿ ಹಿರಿಯರಿಗೆಂದೇ 'ಎನ್‌ಐಎಚ್ ಸೀನಿಯರ್ ಹೆಲ್ತ್' ಎಂಬುದನ್ನು ಆರಂಭಿಸಿತು. ಅಕ್ಷರ ದೊಡ್ಡದು ಮಾಡಲು ಒಂದು ಗುಂಡಿ, ಅಕ್ಷರ ಎದ್ದು ಕಾಣುವಂತೆ ಬಣ್ಣ ಬದಲಿಸಲು ಒಂದು, ಪುಟವನ್ನು ಗಟ್ಟಿಯಾಗಿ ಓದಿಸಲು ಇನ್ನೊಂದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಒಳಕ್ಕೆ ಹೋಗುವ ಬೆಳಕು ಕಡಿಮೆಯಾಗುತ್ತದೆ, ನೀಲಿ ಯಾವುದು ಹಸಿರು ಯಾವುದು ಅಂತ ತಿಳಿಯುವುದು ಕಷ್ಟವಾಗುತ್ತದೆ. ಬೂದು ಬಣ್ಣದ ಮೇಲೆ ತಿಳಿನೀಲಿ ಅಕ್ಷರ ಹುಡುಗರಿಗೆ ಚಂದ, ಅಜ್ಜನಿಗೆ ಬರೀ ಮಂಜು! ಆ ತಾಣವನ್ನು 2017ರಲ್ಲಿ ಮುಚ್ಚಿದರು. ಮಾಹಿತಿ ವೃದ್ಧಾಪ್ಯ ಸಂಸ್ಥೆಯ ತಾಣಕ್ಕೆ ಸೇರಿತು.

ಅದೇ 2003ರಲ್ಲಿ ನಮ್ಮ ರಾಜ್ಯದಲ್ಲಿ ಸಹಕಾರಿ ಬಂಧುಗಳಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಯಾವ ಶಸ್ತ್ರಚಿಕಿತ್ಸೆ ಸೇರುತ್ತದೆ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಸದಸ್ಯರು ಕೇಳಿ ತಿಳಿದದ್ದು ಸಂಘದ ಕಟ್ಟೆಯ ಮೇಲೆ, ಕಾರ್ಯದರ್ಶಿಯ ಬಾಯಿಂದ. ಅಮೆರಿಕದವರು ಗುಂಡಿ ಒತ್ತಿ ಓದಿಸಿದ್ದನ್ನು ನಮ್ಮಲ್ಲಿ ಮನುಷ್ಯರೇ ಓದಿ ಹೇಳಿದರು. ತಿಳಿಯದಿದ್ದರೆ "ಇನ್ನೊಂದ್ಸಲ ಹೇಳಪ್ಪಾ" ಅನ್ನಬಹುದಿತ್ತು. ಈ ಅನುಕೂಲ ಯಾವ ಗುಂಡಿಗೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿದ್ದರೂ ಬಹಳ ಕಾಲ ಅನೇಕ ಮೊಬೈಲುಗಳಲ್ಲಿ ಕನ್ನಡ ಚೌಕಚೌಕವಾಗಿಯೇ ಕಾಣುತ್ತಿತ್ತು. ಹಾಗಾಗಿ ಹಳ್ಳಿಗೆ ಮೊದಲು ಬಂದದ್ದು ಅಕ್ಷರವಲ್ಲ, ದನಿ. 2013ರಲ್ಲಿ ಹುಬ್ಬಳ್ಳಿಯಲ್ಲಿ '104 ಆರೋಗ್ಯವಾಣಿ' ಶುರುವಾಯಿತು. ಸಾದಾ ಫೋನಿನಿಂದಲೂ ಕನ್ನಡದಲ್ಲೇ ಕೇಳಬಹುದಾಗಿತ್ತು. 2020ರಲ್ಲಿ ಕೊರೋನಾಕ್ಕಾಗಿ ಆರೋಗ್ಯ ಸೇತು ಆ್ಯಪ್ ಬಂದಾಗ, ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಮುಂದಿನ ತಿಂಗಳೇ 1921 ಎಂಬ ಸಂಖ್ಯೆ ಕೊಟ್ಟರು.

ನಿಜವಾದ ಪರೀಕ್ಷೆ 2021ರದ್ದು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ. ನೋಂದಣಿ ಕೋವಿನ್ ತಾಣದಲ್ಲಿ. ಮೊದಲಿಗೆ ಅಲ್ಲಿ ಕನ್ನಡ ಇರಲಿಲ್ಲ. ಮೊಬೈಲಿಗೆ ಬಂದ ಓಟಿಪಿಯನ್ನು ಮೀಸಲು ಸಮಯ ಮೀರುವುದರೊಳಗೆ ಒತ್ತಬೇಕು. ಹಿರಿಯರ ಪುಣ್ಯ, ಲಸಿಕಾ ಕೇಂದ್ರಕ್ಕೇ ಹೋಗಿ ಹೆಸರು ಬರೆಸುವ ಅವಕಾಶವೂ ಇತ್ತು, ಒಂದೇ ಮೊಬೈಲಿನಿಂದ ನಾಲ್ವರ ಹೆಸರು ಸೇರಿಸಬಹುದಿತ್ತು. ಫೋನು ಬಲ್ಲ ಒಬ್ಬ ಮೊಮ್ಮಗಳಿದ್ದರೆ ಮನೆಯ ಅಜ್ಜ ಅಜ್ಜಿ ಇಬ್ಬರದೂ ಆದೀತು. ಒಂಟಿಯಾಗಿದ್ದವರ ಗತಿ ಏನು? ಸುಪ್ರೀಂ ಕೋರ್ಟು ಮೇ 31ರ ಆದೇಶದಲ್ಲಿ ಇದೇ ಡಿಜಿಟಲ್ ಕಂದರದ ಮಾತನ್ನು ಎತ್ತಿತು; ಕಣ್ಣು ಕಾಣದವರಿಗೆ ಆ ತಾಣ ಬಳಸುವುದು ಕಷ್ಟ ಎಂದೂ ಹೇಳಿತು. ಕನ್ನಡ ಸೇರಿದ್ದು ಜೂನ್‌ನಲ್ಲಿ.

ಈಗ ಕನ್ನಡದಲ್ಲಿ ಮಾತಾಡಿಯೇ ಮೊಬೈಲಿನಲ್ಲಿ ಹುಡುಕಬಹುದು; ಗೂಗಲ್‌ನಲ್ಲಿ ಈ ಸೌಲಭ್ಯ 2017ರಲ್ಲೇ ಬಂತು. ಓದು ಬಾರದ ತಾಯಂದಿರಿಗೂ ಇದು ದೊಡ್ಡ ಉಪಕಾರ. ಆದರೆ ಸುಳ್ಳಿಗೂ ದನಿ ಬಂದಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ, ಈ ಕಷಾಯ ಕುಡಿಯಿರಿ ಎಂಬ ವಾಟ್ಸ್ಯಾಪ್ ಮಾತು ಡಾಕ್ಟರ ಮಾತಿಗಿಂತ ಜೋರಾಗಿ ಕೇಳಿಸುತ್ತದೆ. ಅದನ್ನು ನಂಬಿ ಮಾತ್ರೆ ಬಿಟ್ಟರೆ ಕಣ್ಣು, ಮೂತ್ರಪಿಂಡಗಳಿಗೇ ಕುತ್ತು. ಅದನ್ನು ಕೇಳಿಸಿಕೊಂಡವರು ಕೂಡಲೇ ತಿರುಗಿ ವಿಚಾರಿಸಲು ಹತ್ತಿರದಲ್ಲೇ ಒಬ್ಬರು ಬೇಕು.

ನಡುವೆ ನಿಂತಿದ್ದ ಯಶಸ್ವಿನಿಗೆ 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ಶುರುವಾಗಿ, 2023ರ ಜನವರಿಯಿಂದ ಯೋಜನೆ ಜಾರಿಯಾಯಿತು. ಆಸ್ಪತ್ರೆಗಳ ಪಟ್ಟಿಯನ್ನು ಈಗ ಜಾಲತಾಣದಲ್ಲೇ ನೋಡಬೇಕು. ಸಂಘದಲ್ಲಿ ಕಂಪ್ಯೂಟರೂ ಇದೆ, ಓದಿ ಹೇಳುವ ಹುಡುಗರೂ ಇದ್ದಾರೆ. ಹಿರಿಯ ಸದಸ್ಯರು ಸಂಕೋಚಪಡದೆ ಬರಬೇಕು. ಬರುವಾಗ ಡಾಕ್ಟರು ಬರೆದ ಚೀಟಿಯನ್ನೂ ಕನ್ನಡಕವನ್ನೂ ಮರೆಯದೆ ತರಬೇಕಾಗಿ ಕೋರುತ್ತೇವೆ.