ಜಾಲಿ ಕಳೆದುಕೊಂಡ ಹೆಸರು, ಬನ್ನಿ ಉಳಿಸಿಕೊಂಡ ಹೆಸರು

ಮೈಸೂರಿನ ಸಿದ್ಧಾರ್ಥನಗರದಲ್ಲಿ, ಕಾರಂಜಿ ಕೆರೆಯ ಬಳಿ 1995ರಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಆರಂಭವಾಯಿತು. ಆಗಿನ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಕರಿಜಾಲಿಯ ಹೆಸರು ಸಾಮಾನ್ಯವಾಗಿ ‘ಅಕೇಶಿಯಾ ನಿಲೋಟಿಕಾ’ ಎಂದಿರುತ್ತಿತ್ತು. ಇಂದು ಅದು ‘ವಾಚೆಲಿಯಾ ನಿಲೋಟಿಕಾ’. ಮರವೂ ಅದೇ, ಮುಳ್ಳೂ ಅದೇ. ಹೆಸರೇಕೆ ಬದಲಾಯಿತು?

ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು 1753ರಲ್ಲಿ ನೆಲೆಗೊಳಿಸಿದವನು ಸ್ವೀಡನ್ನಿನ ಲಿನೇಯಸ್. ಮೊದಲ ಪದ ಮನೆತನದ ಹೆಸರಿದ್ದಂತೆ. ಅದು ಸಸ್ಯದ ಕುಲವನ್ನು ಹೇಳುತ್ತದೆ. ಹಿಂದೆ ಹೂವು, ಕಾಯಿ, ಎಲೆಗಳ ಹೋಲಿಕೆಯಿಂದಲೇ ಕುಲವನ್ನು ನಿರ್ಧರಿಸುತ್ತಿದ್ದರು. ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ, ಅಕೇಶಿಯಾ ಎಂದು ಒಟ್ಟುಗೂಡಿಸಿದ್ದ ಸಾವಿರಕ್ಕೂ ಹೆಚ್ಚು ಪ್ರಭೇದಗಳು ಒಂದೇ ಮೂಲದವಲ್ಲ ಎಂಬುದು ಖಚಿತವಾಯಿತು. ಕುಲವನ್ನು ಒಡೆಯಲೇಬೇಕಾಯಿತು.

ಹಳೆಯ ಹೆಸರು ಯಾರ ಪಾಲಿಗೆ? ಕುಲದ ಹೆಸರಿಗೆ ಮಾದರಿಯಾದ ಸಸ್ಯ ಯಾವ ಗುಂಪಿನಲ್ಲಿದೆಯೋ ಆ ಗುಂಪಿಗೆ ಎನ್ನುತ್ತದೆ ನಿಯಮ. ಅಕೇಶಿಯಾದ ಮಾದರಿ ಜಾಲಿಯೇ ಆಗಿತ್ತು. ಆದರೆ ಆಸ್ಟ್ರೇಲಿಯಾದ ಗುಂಪಿನಲ್ಲಿ ಸುಮಾರು ಸಾವಿರ ಪ್ರಭೇದಗಳಿದ್ದವು. ಅಷ್ಟಕ್ಕೂ ಹೊಸ ಹೆಸರಿಡುವ ತೊಡಕು ಬೇಡವೆಂದು 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಮಾದರಿಯನ್ನೇ ಬದಲಿಸಿತು. ತೀವ್ರ ವಿವಾದದ ನಂತರವೂ 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಆ ತೀರ್ಮಾನವೇ ಉಳಿಯಿತು. ಅಕೇಶಿಯಾ ಎಂಬ ಪದದ ಮೂಲ ಮುಳ್ಳು ಎಂಬರ್ಥದ ಗ್ರೀಕ್ ಶಬ್ದವೆನ್ನುತ್ತಾರೆ. ಮುಳ್ಳಿನ ಜಾಲಿ ಅದನ್ನು ಕಳೆದುಕೊಂಡಿತು. ಮಲೆನಾಡಿನ ನೆಡುತೋಪುಗಳಲ್ಲಿ ಬೆಳೆಸಿದ, ಮುಳ್ಳಿಲ್ಲದ ಆಸ್ಟ್ರೇಲಿಯಾದ ಅಕೇಶಿಯಾ ಉಳಿಸಿಕೊಂಡಿತು.

ಬನ್ನಿಯ ಅದೃಷ್ಟ ಬೇರೆ. ನಮ್ಮಲ್ಲಿ ಬನ್ನಿಯೆಂದು ಪೂಜೆಗೊಳ್ಳುವ ಮರಗಳು ಒಂದಕ್ಕಿಂತ ಹೆಚ್ಚು. ಅವುಗಳಲ್ಲೊಂದು ‘ಪ್ರಾಸೋಪಿಸ್ ಸಿನರೇರಿಯಾ’. ಅಮೆರಿಕ ಖಂಡದಿಂದ ಬಂದು ಬಯಲುಸೀಮೆಯನ್ನು ಆವರಿಸಿದ ಬಳ್ಳಾರಿ ಜಾಲಿಯೂ ‘ಪ್ರಾಸೋಪಿಸ್’ ಕುಲದ್ದೆಂದೇ ಎಣಿಕೆಯಾಗಿತ್ತು. ಡಿ.ಎನ್.ಎ. ಆಧಾರದ ಮೇಲೆ 2022ರಲ್ಲಿ ಈ ಕುಲವನ್ನೂ ಒಡೆಯಲಾಯಿತು. ಲಿನೇಯಸ್ 1767ರಲ್ಲಿ ಈ ಕುಲವನ್ನು ಹೆಸರಿಸಿದ್ದು ಭಾರತದ ಬನ್ನಿಯಿಂದಲೇ. ಆದ್ದರಿಂದ ಹೆಸರು ಬನ್ನಿಗೇ ಉಳಿಯಿತು. ಬಳ್ಳಾರಿ ಜಾಲಿ ‘ನೆಲ್ಟುಮಾ ಜೂಲಿಫ್ಲೋರಾ’ ಆಯಿತು.

ಯಾರಿಗೆ ಯಾರು ನಂಟರು ಎಂಬುದನ್ನು ಡಿ.ಎನ್.ಎ. ಹೇಳಬಲ್ಲದು. ಹಳೆಯ ಹೆಸರು ಯಾರಿಗೆ ಸಲ್ಲಬೇಕೆಂಬುದು ಮನುಷ್ಯರು ಮಾಡಿಕೊಂಡ ನಿಯಮ, ಕೆಲವೊಮ್ಮೆ ಮತದಾನ. ಇದರ ಹೊರೆ ಬೀಳುವುದು ಹಳೆಯ ದಾಖಲೆ ಹುಡುಕುವವರ ಮೇಲೆ. ಜಾಲಿಯ ಗೋಂದು, ತೊಗಟೆ, ಔಷಧಗುಣಗಳ ಬಗ್ಗೆ ತಲೆಮಾರುಗಳ ಬರಹ ಇರುವುದು ಅಕೇಶಿಯಾ ಎಂಬ ಹೆಸರಿನಡಿ. ಹೊಸ ಹೆಸರನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಅದು ಸಿಗದೆಹೋಗಬಹುದು. ಎರಡು ಹೆಸರನ್ನೂ, ಜೊತೆಗೆ ‘ಜಾಲಿ’ ಎಂಬ ಕನ್ನಡದ ಹೆಸರನ್ನೂ ಬರೆದಿಡುವುದೇ ಸರಿಯಾದ ಕ್ರಮ.